ಊನದ ಪರಿಹಾರ, ವಕಾಲತ್ತಿನ ಹೊಣೆ

ಅಪಘಾತದಲ್ಲಿ ಕೈಕಾಲು ಊನಗೊಂಡವರಿಗೆ ಪರಿಹಾರ ಕೊಡಿಸುವ ಕಾನೂನು ಎಷ್ಟೇ ಉದಾರವಾಗಿದ್ದರೂ ಅದು ಅವರ ಕೈಗೆ ಎಟುಕುವುದು ಬಹುಮಟ್ಟಿಗೆ ವಕೀಲರ ಮೂಲಕವೇ ಆದ್ದರಿಂದ, ಆ ವಕೀಲರೇ ಪ್ರಕರಣವನ್ನು ಕೆಡಿಸಿದಾಗ ಕಕ್ಷಿದಾರರು ಯಾರಲ್ಲಿಗೆ ಹೋಗಬೇಕು, ಹೋದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ನಿಧಾನವಾಗಿ ವಿಚಾರ ಮಾಡಬೇಕಾದ ವಿಷಯ. ಮೈಸೂರು ಜಿಲ್ಲೆಯ ನಂಜನಗೂಡು, ತಿ.ನರಸೀಪುರ ತಾಲ್ಲೂಕುಗಳಲ್ಲಿ ಈ ವಿಷಯಕ್ಕೆ ಹೆಚ್ಚಿನ ತೂಕವಿದೆ. ಕಲ್ಲಿಕೋಟೆಯಿಂದ ಹೊರಟು ನಂಜನಗೂಡು, ಮೈಸೂರು, ತಿ.ನರಸೀಪುರಗಳನ್ನು ಹಾದು ಕೊಳ್ಳೇಗಾಲ ಸೇರುವ 766ನೆಯ ರಾಷ್ಟ್ರೀಯ ಹೆದ್ದಾರಿ ಎರಡೂ ಪಟ್ಟಣಗಳನ್ನು ಮುಟ್ಟುತ್ತದೆ. ನಂಜನಗೂಡಿನಲ್ಲಿ ದೊಡ್ಡ ಕೈಗಾರಿಕಾ ಪ್ರದೇಶವಿದೆ. ನಾಲೆ ಬಯಲಿನ ಭತ್ತ, ಕಬ್ಬು ಸಾಗಿಸುವ ಟ್ರ್ಯಾಕ್ಟರು, ಲಾರಿಗಳ ಓಡಾಟವಿದೆ. 2023ರ ಮೇ 29ರಂದು ತಿ.ನರಸೀಪುರ ತಾಲ್ಲೂಕಿನ ಕುರುಬೂರಿನ ಬಳಿ ಕಾರಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ ಹತ್ತು ಮಂದಿ ಮೃತಪಟ್ಟದ್ದು ನಾಡಿಗೆಲ್ಲ ತಿಳಿದ ಸಂಗತಿ. ಸುದ್ದಿಯಾಗದೆ ಕಾಲೋ ಕೈಯೋ ಕಳೆದುಕೊಂಡವರ ಕಥೆ ನ್ಯಾಯಾಲಯದ ಕಡತಗಳಲ್ಲಷ್ಟೇ ಉಳಿಯುತ್ತದೆ.

ಮುಂದಿನ ಸಂವಾದದಲ್ಲಿ ಇಬ್ಬರಿದ್ದಾರೆ. ಒಬ್ಬರು ತಿ.ನರಸೀಪುರದ ಕಡೆಯ ಹಳ್ಳಿಯೊಂದರ ಮೇಷ್ಟ್ರು. ಊರಿನವರ ಅರ್ಜಿ, ಕಾಗದಪತ್ರಗಳನ್ನು ಓದಿ ಹೇಳುವ ಕೆಲಸ ಅವರ ಪಾಲಿಗೆ ಬಂದಿದೆ. ಇನ್ನೊಬ್ಬರು ನಂಜನಗೂಡಿನಲ್ಲಿ ನೆಲೆಸಿರುವ ನಿವೃತ್ತ ಶಿರಸ್ತೇದಾರರು, ಅಂದರೆ ನ್ಯಾಯಾಲಯದ ಕಚೇರಿ ಮತ್ತು ಕಡತಗಳ ಉಸ್ತುವಾರಿ ನೋಡಿಕೊಂಡಿದ್ದ ಅಧಿಕಾರಿ.

ಮೇಷ್ಟ್ರು: ಸ್ವಾಮಿ, ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಭತ್ತದ ಮೂಟೆ ಹೊತ್ತು ಬದುಕುವ ಮೂವತ್ತೈದರ ಹಮಾಲಿಗೆ ಲಾರಿ ಬಡಿದು ಬಲಗಾಲು ಮುರಿಯಿತು. ಕಾಲಿಗೆ ರಾಡು ಹಾಕಿದರೂ ಮಂಡಿ ಮಡಚಲು ಬಾರದಂತಾಯಿತು. ವಕೀಲರು ವಕಾಲತ್ತಿಗೆ ಸಹಿ ಹಾಕಿಸಿಕೊಂಡರು, ಜೊತೆಗೆ ಎರಡು ಮೂರು ಖಾಲಿ ಹಾಳೆಗಳಿಗೂ ಹಾಕಿಸಿಕೊಂಡರು. ಬರುವ ಹಣದಲ್ಲಿ ನಾಲ್ಕರಲ್ಲೊಂದು ಪಾಲು ತಮ್ಮದೆಂದು ಮಾತು ತೆಗೆದುಕೊಂಡರು. ಕೇಳಿದಾಗಲೆಲ್ಲ ಕೇಸು ನಡೆಯುತ್ತಿದೆ ಎಂದರು. ಕೊನೆಗೆ ವಿಚಾರಿಸಿದರೆ ಹಾಜರಾತಿ ಇಲ್ಲದೆ ಅರ್ಜಿ ವಜಾ ಆಗಿ ವರ್ಷವೇ ಕಳೆದಿತ್ತು ಎನ್ನೋಣ. ಇಂಥ ಮನುಷ್ಯ ಮೊದಲು ಮಾಡಬೇಕಾದದ್ದು ದೂರು ಕೊಡುವುದಲ್ಲವೇ?

ಶಿರಸ್ತೇದಾರರು: ಅಲ್ಲ, ಮೇಷ್ಟ್ರೇ. ಮೊದಲು ಉಳಿಸಬೇಕಾದದ್ದು ಕೇಸನ್ನು. ದೂರು ಅದರ ಬೆನ್ನಿಗೆ ಬರಬೇಕು. ವಕೀಲರ ಮೇಲಿನ ದೂರಿನಿಂದ ವಕೀಲರಿಗೆ ಶಿಕ್ಷೆಯಾಗಬಹುದೇ ಹೊರತು ಹಮಾಲಿಯ ಕಾಲಿಗೆ ಒಂದು ರೂಪಾಯಿ ಪರಿಹಾರವೂ ಬರುವುದಿಲ್ಲ ಎಂಬುದನ್ನು ಆರಂಭದಲ್ಲೇ ಬಿಡಿಸಿ ಹೇಳದಿದ್ದರೆ, ಅವನು ದೂರಿನ ಹಿಂದೆ ಬೆಂಗಳೂರಿಗೆ ಅಲೆಯುತ್ತಿರುವಾಗ ಇಲ್ಲಿ ಕೇಸನ್ನು ಮತ್ತೆ ಎಬ್ಬಿಸುವ ಅವಧಿ ಇನ್ನಷ್ಟು ಮೀರಿಹೋಗುತ್ತದೆ. ಹಾಜರಾತಿ ಇಲ್ಲವೆಂದು ವಜಾ ಆದ ಅರ್ಜಿಯನ್ನು ಮರಳಿ ಕಡತಕ್ಕೆ ತೆಗೆದುಕೊಳ್ಳಿ ಎಂದು ಕೇಳಲು ಇರುವ ಅವಧಿ ಮೂವತ್ತು ದಿನ; ಮೀರಿದ್ದರೆ ತಡವಾದ ಕಾರಣವನ್ನು ಪ್ರಮಾಣಪತ್ರದಲ್ಲಿ ವಿವರಿಸಿ ವಿಳಂಬವನ್ನು ಮನ್ನಿಸುವಂತೆ ಬೇಡಬೇಕು. ಇದಕ್ಕೆ ಆಧಾರವಾಗಿ 1981ರ ರಫೀಕ್ ವಿರುದ್ಧ ಮುನ್ಶಿಲಾಲ್ ಪ್ರಕರಣದ ತೀರ್ಪಿದೆ: ವಕೀಲರನ್ನು ನೇಮಿಸಿ, ಫೀಸು ಕೊಟ್ಟು, ನಂಬಿಕೊಂಡು ಹಳ್ಳಿಯಲ್ಲಿ ಕುಳಿತ ಕಕ್ಷಿದಾರ ವಕೀಲರ ಗೈರುಹಾಜರಿಗಾಗಿ ಕಷ್ಟ ಅನುಭವಿಸಬಾರದು ಎಂಬುದು ಸುಪ್ರೀಂ ಕೋರ್ಟು ಅಲ್ಲಿ ತಳೆದ ನಿಲುವು.

ಮೇಷ್ಟ್ರು: ಹೊಸ ವಕೀಲರ ಹತ್ತಿರ ಹೋದರೆ, ಹಳೆಯ ವಕೀಲರಿಂದ ಎನ್‌ಓಸಿ, ಅಂದರೆ ಆಕ್ಷೇಪಣೆ ಇಲ್ಲವೆಂಬ ಪತ್ರ, ತಂದರಷ್ಟೇ ಕೇಸು ಮುಟ್ಟುತ್ತೇವೆ ಎನ್ನುತ್ತಾರಲ್ಲ? ಹಳೆಯವರು ಫೀಸು ಬಾಕಿ ಇದೆಯೆಂದು ಕಡತವನ್ನೇ ಬಿಟ್ಟುಕೊಡದಿದ್ದರೆ?

ಶಿರಸ್ತೇದಾರರು: ಎನ್‌ಓಸಿ ಎಂಬುದು ವಕೀಲರು ತಮ್ಮತಮ್ಮೊಳಗೆ ಕಾಪಾಡಿಕೊಂಡು ಬಂದಿರುವ ಮರ್ಯಾದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೆಯ ಆದೇಶದ 4ನೆಯ ನಿಯಮದಂತೆ ಕಕ್ಷಿದಾರ ಲಿಖಿತವಾಗಿ ಬರೆದುಕೊಟ್ಟು, ನ್ಯಾಯಾಲಯದ ಅನುಮತಿ ಪಡೆದು ವಕಾಲತ್ತನ್ನು ಕೊನೆಗೊಳಿಸಬಹುದು. ಇನ್ನು ಕಡತದ ಮಾತು: 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬಾಕಿ ಫೀಸಿಗಾಗಿ ಕಕ್ಷಿದಾರನ ಕಾಗದಪತ್ರಗಳನ್ನು ಒತ್ತೆ ಹಿಡಿಯುವ ಹಕ್ಕು ವಕೀಲರಿಗಿಲ್ಲ, ಹಾಗೆ ಹಿಡಿದಿಡುವುದು ವೃತ್ತಿ ದುರ್ನಡತೆ ಎಂದಿತು. ಫೀಸು ಬಾಕಿ ಇದ್ದರೆ ಅದರ ವಸೂಲಿಗೆ ಬೇರೆ ದಾವೆ ಹೂಡಬೇಕು. ಎಕ್ಸ್‌ರೇ, ಡಿಸ್ಚಾರ್ಜ್ ಸಾರಾಂಶ, ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಬಿಲ್ಲುಗಳು ಇವೆಲ್ಲ ಹಮಾಲಿಯವು, ವಕೀಲರ ಬೀರುವಿನವಲ್ಲ.

ಮೇಷ್ಟ್ರು: ಕೇಸು ಉಳಿಯಿತು ಎನ್ನೋಣ. ಆಗ ವಕೀಲರ ತಪ್ಪಿನಿಂದ ಆದ ನಷ್ಟ ಏನೂ ಇಲ್ಲ ಎಂದಾಗುವುದಿಲ್ಲವೇ?

ಶಿರಸ್ತೇದಾರರು: ಕೇಸು ಉಳಿದೂ ಕೆಡುವ ಬಗೆ ಇದೆ, ಊನದ ಪ್ರಕರಣಗಳಲ್ಲಿ ಅದೇ ಹೆಚ್ಚು ಕಾಣದ ನಷ್ಟ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ, ಅಂದರೆ 1988ರ ಮೋಟಾರು ವಾಹನ ಕಾಯ್ದೆಯಡಿ ಇಂಥ ಅರ್ಜಿಗಳನ್ನು ತೀರ್ಮಾನಿಸುವ ನ್ಯಾಯಪೀಠ, ಊನವನ್ನು ಮೂರು ಬಗೆಯಲ್ಲಿ ನೋಡುತ್ತದೆ. ವೈದ್ಯರು ಮೊದಲು ಕಾಲಿನ ಊನ ಇಷ್ಟೆಂದು ಹೇಳುತ್ತಾರೆ, ಶೇ 36 ಎನ್ನೋಣ. ಇಡೀ ದೇಹದ ಲೆಕ್ಕಕ್ಕೆ ಅದರ ಮೂರನೆಯ ಒಂದು ಭಾಗವನ್ನು, ಅಂದರೆ ಶೇ 12ನ್ನು ಹಿಡಿಯುವ ರೂಢಿಯಿದೆ. ಆದರೆ ಪರಿಹಾರ ನಿಲ್ಲಬೇಕಾದದ್ದು ಮೂರನೆಯ ಅಳತೆಯ ಮೇಲೆ, ಆ ಊನದಿಂದ ಆ ಮನುಷ್ಯನ ದುಡಿಯುವ ಶಕ್ತಿ ಎಷ್ಟು ಕುಗ್ಗಿತು ಎಂಬುದರ ಮೇಲೆ. 2010ರ ಅಕ್ಟೋಬರಿನಲ್ಲಿ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಇದನ್ನು ವಿವರವಾಗಿ ಬಿಡಿಸಿಟ್ಟರು: ಎಡಗೈ ಕಳೆದುಕೊಂಡವನ ದೈಹಿಕ ಊನ ಶೇ 60ರಷ್ಟಿರಬಹುದು, ಆದರೆ ಅವನು ಚಾಲಕನೋ ಬಡಗಿಯೋ ಆಗಿದ್ದರೆ ದುಡಿಮೆಯ ನಷ್ಟ ಹೆಚ್ಚುಕಡಿಮೆ ಶೇ 100, ಸರ್ಕಾರಿ ಗುಮಾಸ್ತನಾಗಿದ್ದು ಅದೇ ಹುದ್ದೆಯಲ್ಲಿ ಮುಂದುವರಿದರೆ ದುಡಿಮೆಯ ನಷ್ಟವೇ ಇಲ್ಲದಿರಬಹುದು.

ಮೇಷ್ಟ್ರು: ಹಾಗಾದರೆ ಮೂಟೆ ಹೊರುವವನ ಮಂಡಿ ಮಡಚದೆ ಹೋದರೆ ಅವನ ಕಸುಬೇ ಹೋದಂತೆ, ಶೇ 12 ಎಂಬ ಮಾತಿಗೆ ಅರ್ಥವೇ ಇಲ್ಲ.

ಶಿರಸ್ತೇದಾರರು: ಅದನ್ನು ನ್ಯಾಯಮಂಡಳಿಗೆ ಕಾಣುವಂತೆ ಮಾಡುವುದೇ ವಕೀಲರ ಕೆಲಸ. ಲೆಕ್ಕ ಹಾಕಿ ನೋಡಿ. ತಿಂಗಳ ದುಡಿಮೆ 15,000 ರೂಪಾಯಿ ಎಂದಾದರೆ ವರ್ಷಕ್ಕೆ 1,80,000, 2009ರ ಸರಳಾ ವರ್ಮ ತೀರ್ಪಿನ ಕೋಷ್ಟಕದಲ್ಲಿ ಮೂವತ್ತೈದನೆಯ ವಯಸ್ಸಿಗೆ ಗುಣಕ, ಅಂದರೆ ವರ್ಷದ ದುಡಿಮೆಯನ್ನು ಗುಣಿಸುವ ಸಂಖ್ಯೆ, 16; ಗುಣಿಸಿದರೆ 28,80,000. ಮುಂದಿನ ಆದಾಯವೃದ್ಧಿಯನ್ನು ಸೇರಿಸದೆ, ಶೇ 12ರಂತೆ ಬರುವುದು 3,45,600 ರೂಪಾಯಿ. ದುಡಿಮೆಯ ನಷ್ಟ ಶೇ 50 ಎಂದು ಸಾಬೀತಾದರೆ ಬರುವುದು 14,40,000. ಈ ಎರಡರ ನಡುವಿನ ಹನ್ನೊಂದು ಲಕ್ಷದಷ್ಟು ಅಂತರ ನಿಂತಿರುವುದು ಚಿಕಿತ್ಸೆ ಕೊಟ್ಟ ವೈದ್ಯರನ್ನು ಸಾಕ್ಷಿಕಟ್ಟೆಗೆ ಕರೆಸಿ, ಈ ಕಾಲಿನಿಂದ ಮೂಟೆ ಎತ್ತಲು ಆಗುತ್ತದೆಯೇ, ಕುಕ್ಕರಗಾಲಲ್ಲಿ ಕೂರಲು ಆಗುತ್ತದೆಯೇ ಎಂದು ಕೇಳುವ ಎರಡು ಪ್ರಶ್ನೆಗಳ ಮೇಲೆ. ಪ್ರಮಾಣಪತ್ರವೊಂದನ್ನು ಕಡತಕ್ಕೆ ಸೇರಿಸಿ ಕೈತೊಳೆದುಕೊಂಡರೆ, ಅಥವಾ ವೈದ್ಯರನ್ನು ಕರೆಸುವ ಶ್ರಮ ತಪ್ಪಿಸಿಕೊಳ್ಳಲು ಲೋಕ ಅದಾಲತ್ತಿನಲ್ಲಿ ಕಡಿಮೆ ಮೊತ್ತಕ್ಕೆ ರಾಜಿ ಮಾಡಿಸಿದರೆ, ಈ ಹಣ ಸದ್ದಿಲ್ಲದೆ ಹೋಗುತ್ತದೆ. ಲೋಕ ಅದಾಲತ್ತಿನ ತೀರ್ಪಿಗೆ ಮೇಲ್ಮನವಿ ಇಲ್ಲವೆಂಬುದನ್ನು ರಾಜಿ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ಕಕ್ಷಿದಾರನಿಗೆ ಹೇಳಬೇಕಾದದ್ದು ವಕೀಲರ ಕರ್ತವ್ಯ.

ಮೇಷ್ಟ್ರು: ಕಾರ್ಖಾನೆಯ ಕಾರ್ಮಿಕನಾದರೆ ಇದೇ ದಾರಿಯೇ?

ಶಿರಸ್ತೇದಾರರು: ಯಂತ್ರಕ್ಕೆ ಸಿಕ್ಕಿ ಬೆರಳು ಹೋದವನ ದಾರಿ ಬೇರೆ. ಅವನು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮಾ ಯೋಜನೆಗೆ ಒಳಪಟ್ಟಿದ್ದರೆ, ನೌಕರರ ಪರಿಹಾರದ ಕಾನೂನಿನಡಿ ಮಾಲೀಕರಿಂದ ಪರಿಹಾರ ಕೇಳುವಂತಿಲ್ಲ. ವೈದ್ಯಕೀಯ ಮಂಡಳಿಯ ಮುಂದೆ ಹೋಗಿ ಊನ ಭತ್ಯೆ ಪಡೆಯಬೇಕು. ಇದನ್ನು ವಿಚಾರಿಸದೆ ತಪ್ಪು ಕಾಯ್ದೆಯಡಿ ಅರ್ಜಿ ಹಾಕಿ ವರ್ಷಗಳನ್ನು ಕಳೆದರೆ, ಹಿಂತಿರುಗಿ ಬರುವ ಹೊತ್ತಿಗೆ ಸರಿಯಾದ ಬಾಗಿಲು ಮುಚ್ಚಿರಬಹುದು.

ಮೇಷ್ಟ್ರು: ಈಗ ಮೂಲ ಪ್ರಶ್ನೆಗೆ ಬರೋಣ. ವೈದ್ಯರನ್ನು ಕರೆಸಲಿಲ್ಲ, ತಪ್ಪು ಕಾಯ್ದೆಯಡಿ ಅರ್ಜಿ ಹಾಕಿದರು, ವಾಯಿದೆಗೆ ಬರಲಿಲ್ಲ, ಸುಳ್ಳು ಹೇಳಿದರು. ಇವಿಷ್ಟೂ ದೂರಿಗೆ ಅರ್ಹವಾದ ತಪ್ಪುಗಳೇ?

ಶಿರಸ್ತೇದಾರರು: ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರೆ ದೂರು ಬೀಳುತ್ತದೆ. 1961ರ ವಕೀಲರ ಕಾಯ್ದೆಯ 35ನೆಯ ಕಲಮು ಶಿಕ್ಷಿಸುವುದು ವೃತ್ತಿ ದುರ್ನಡತೆ ಅಥವಾ ಇತರ ದುರ್ನಡತೆಯನ್ನು. ಅದು ಏನೆಂದು ಕಾಯ್ದೆ ಲಕ್ಷಣ ಕಟ್ಟಿ ಹೇಳಿಲ್ಲವಾದ್ದರಿಂದ ಗಡಿಯನ್ನು ತೀರ್ಪುಗಳಲ್ಲಿ ಹುಡುಕಬೇಕು. 1963ರಲ್ಲಿ ಹೆಸರು ಮರೆಮಾಚಿ 'ಪಿ' ಎಂದಷ್ಟೇ ಕರೆದ ವಕೀಲರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬರಿಯ ಅಲಕ್ಷ್ಯ ಅಥವಾ ತಪ್ಪು ಅಂದಾಜು ದುರ್ನಡತೆಯಲ್ಲ, ಆದರೆ ಅಲಕ್ಷ್ಯ ಘೋರವಾಗಿದ್ದಾಗ ಅದರಲ್ಲಿ ನೈತಿಕ ಪತನ ಅಡಗಿರಬಹುದು ಎಂದಿತು. ಆದ್ದರಿಂದ, ವೈದ್ಯರ ಸಾಕ್ಷ್ಯ ಬೇಡವೆಂದು ವಕೀಲರು ಪ್ರಾಮಾಣಿಕವಾಗಿ ನಂಬಿದ್ದರೆ ಅದು ತಪ್ಪು ನಿರ್ಣಯ, ದುರ್ನಡತೆಯಲ್ಲ. ವಾಯಿದೆಯ ಮೇಲೆ ವಾಯಿದೆ ಗೈರಾಗಿ, ವಜಾ ಆದ ಅರ್ಜಿಯನ್ನು ನಡೆಯುತ್ತಿದೆ ಎಂದು ಹೇಳಿದ್ದರೆ ಅದು ನಂಬಿಕೆಗೆ ಮಾಡಿದ ಮೋಸ. ಖಾಲಿ ಹಾಳೆಯ ಸಹಿಯನ್ನು ರಾಜಿ ಪತ್ರವಾಗಿಸಿದ್ದರೆ ಕ್ರಿಮಿನಲ್ ಅಪರಾಧವೂ ಆಗುತ್ತದೆ.

ಮೇಷ್ಟ್ರು: ಈ ಗಡಿ ವಕೀಲರಿಗೇ ಅನುಕೂಲವಾಗಿ ಎಳೆದಂತಿದೆ. ಹಮಾಲಿಯ ಪಾಲಿಗೆ ಪ್ರಾಮಾಣಿಕ ತಪ್ಪಿನಿಂದ ಹೋದ ಹನ್ನೊಂದು ಲಕ್ಷವೂ ಮೋಸದಿಂದ ಹೋದ ಹನ್ನೊಂದು ಲಕ್ಷವೂ ಒಂದೇ ಅಲ್ಲವೇ?

ಶಿರಸ್ತೇದಾರರು: ಅವನ ಪಾಲಿಗೆ ಒಂದೇ, ಈ ಆಕ್ಷೇಪಕ್ಕೆ ಪೂರ್ಣ ಸಮಾಧಾನ ಕಾನೂನಿನಲ್ಲಿಲ್ಲ. 2007ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ವಕೀಲರ ಸೇವೆಯ ಕೊರತೆಯನ್ನೂ ಗ್ರಾಹಕ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದೆಂದಿತ್ತು. 2024ರ ಮೇ 14ರಂದು ನ್ಯಾಯಮೂರ್ತಿಗಳಾದ ಬೇಲಾ ತ್ರಿವೇದಿ ಮತ್ತು ಪಂಕಜ್ ಮಿತ್ತಲ್ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ, ವಕಾಲತ್ತು ಕಕ್ಷಿದಾರನ ನಿಯಂತ್ರಣದಲ್ಲಿ ನಡೆಯುವ ವೈಯಕ್ತಿಕ ಸೇವೆಯ ಒಪ್ಪಂದವಾದ್ದರಿಂದ ಅದು ಗ್ರಾಹಕ ಸಂರಕ್ಷಣಾ ಕಾಯ್ದೆಯ ಹೊರಗಿದೆ ಎಂದು ತೀರ್ಪಿತ್ತು. ಸಿವಿಲ್ ದಾವೆಯ ದಾರಿ ಉಳಿದಿದೆ, ಆದರೆ ಕಾಲು ಊನಗೊಂಡ ಕೂಲಿಕಾರನೊಬ್ಬ ವಕೀಲರ ವಿರುದ್ಧ ನಷ್ಟಪರಿಹಾರದ ದಾವೆ ಹೂಡಿ ವರ್ಷಗಟ್ಟಲೆ ನಡೆಸುವುದು ಎಷ್ಟು ಕಷ್ಟವೆಂದು ಹೇಳಬೇಕಾಗಿಲ್ಲ. ಕಕ್ಷಿದಾರನ ನಿಯಂತ್ರಣ ಎಂಬ ಮಾತು ಕಾಯ್ದೆಯ ತರ್ಕಕ್ಕೆ ಹೊಂದಬಹುದಾದರೂ, ಇಂಗ್ಲಿಷಿನ ಅಫಿಡವಿಟ್ಟಿಗೆ ಹೆಬ್ಬೆಟ್ಟು ಒತ್ತುವವನ ಮಟ್ಟಿಗೆ ಅದು ನಿಜಕ್ಕೆ ಬಹುದೂರ. ಈ ಕಾರಣಕ್ಕೇ ಶಿಸ್ತಿನ ದೂರು ಎಂಬ ಉಳಿದ ದಾರಿಯನ್ನು ಸರಿಯಾಗಿ ಬಳಸಬೇಕಾಗಿದೆ.

ಮೇಷ್ಟ್ರು: ನಾಲ್ಕರಲ್ಲೊಂದು ಪಾಲಿನ ಮಾತು? ಊರ ಕಡೆ ಅದನ್ನು ಯಾರೂ ತಪ್ಪೆಂದೇ ತಿಳಿದಿಲ್ಲ. ಮುಂಗಡ ಕೇಳದೆ ಕೇಸು ಹಿಡಿದರಲ್ಲ ಎಂದು ಉಪಕಾರವೆಂದೇ ಭಾವಿಸುತ್ತಾರೆ.

ಶಿರಸ್ತೇದಾರರು: ದೂರಿನಲ್ಲಿ ಅದೇ ಅತ್ಯಂತ ಗಟ್ಟಿಯಾದ ಅಂಶವಾಗಬಹುದು. ಭಾರತೀಯ ವಕೀಲರ ಪರಿಷತ್ತಿನ ನಡತೆ ನಿಯಮಗಳಲ್ಲಿ 20ನೆಯದು, ವ್ಯಾಜ್ಯದ ಫಲಕ್ಕೆ ಫೀಸನ್ನು ಗಂಟುಹಾಕಬಾರದು, ಬಂದ ಹಣದಲ್ಲಿ ಪಾಲಿಗೆ ಒಪ್ಪಂದ ಮಾಡಿಕೊಳ್ಳಬಾರದು ಎನ್ನುತ್ತದೆ. 2017ರ ಡಿಸೆಂಬರಿನಲ್ಲಿ ತೆಲಂಗಾಣದ ಬಿ. ಸುನೀತಾ ಪ್ರಕರಣದಲ್ಲಿ, ಗಂಡನನ್ನು ಅಪಘಾತದಲ್ಲಿ ಕಳೆದುಕೊಂಡ ಮಹಿಳೆಯಿಂದ ಪರಿಹಾರದ ಶೇಕಡಾವಾರು ಲೆಕ್ಕದಲ್ಲಿ ಫೀಸು ಕೇಳಿ, ಅದಕ್ಕೆ ಪಡೆದ ಚೆಕ್ಕು ನಗದಾಗಲಿಲ್ಲವೆಂದು ವಕೀಲರು ಹೂಡಿದ್ದ ಮೊಕದ್ದಮೆಯನ್ನು ಸುಪ್ರೀಂ ಕೋರ್ಟು ರದ್ದುಪಡಿಸಿ, ಇಂಥ ಫೀಸು ವೃತ್ತಿಧರ್ಮಕ್ಕೂ ಸಾರ್ವಜನಿಕ ನೀತಿಗೂ ವಿರುದ್ಧ ಎಂದಿತು. ಅಮೆರಿಕದ ಪದ್ಧತಿ ಬೇರೆ: ಅಲ್ಲಿ ಸಾಮಾಜಿಕ ಭದ್ರತಾ ಊನ ಭತ್ಯೆಯ ಪ್ರಕರಣಗಳಲ್ಲಿ ಪಾಲಿನ ಫೀಸಿಗೆ ಅವಕಾಶವಿದ್ದರೂ, ಸಾಮಾನ್ಯವಾಗಿ ಅನುಸರಿಸುವ ಕ್ರಮದಲ್ಲಿ ಬಾಕಿ ಭತ್ಯೆಯ ಶೇ 25 ಅಥವಾ ಸಾಮಾಜಿಕ ಭದ್ರತಾ ಇಲಾಖೆ ನಿಗದಿಪಡಿಸಿದ ಮೊತ್ತ (2024ರ ಕೊನೆಯಲ್ಲಿ ಅದು 9,200 ಡಾಲರ್ ಇತ್ತು), ಇವೆರಡರಲ್ಲಿ ಕಡಿಮೆಯಾದದ್ದೇ ಮಿತಿ, ಅದಕ್ಕೂ ಆ ಇಲಾಖೆಯ ಒಪ್ಪಿಗೆ ಬೇಕು. ಇಲ್ಲಿ ಪಾಲು ನಿಷಿದ್ಧವಾದ್ದರಿಂದಲೇ ಅದು ಬಾಯಿಮಾತಿನಲ್ಲಿ ನಡೆಯುತ್ತದೆ, ಬಾಯಿಮಾತಿನದಾದ್ದರಿಂದ ಅದಕ್ಕೆ ಮಿತಿಯೂ ಇಲ್ಲ, ರಸೀದಿಯೂ ಇಲ್ಲ.

ಮೇಷ್ಟ್ರು: ರಸೀದಿ ಇಲ್ಲದ ಮೇಲೆ ಸಾಬೀತು ಮಾಡುವುದು ಹೇಗೆ?

ಶಿರಸ್ತೇದಾರರು: ಬ್ಯಾಂಕಿನ ಪಾಸ್‌ಬುಕ್ಕು ಮಾತನಾಡುತ್ತದೆ. ಪರಿಹಾರ ಜಮೆಯಾದ ಮಾರನೆಯ ದಿನವೇ ಅದರ ಕಾಲುಭಾಗ ಯಾರದೋ ಖಾತೆಗೆ ಹೋಗಿದ್ದರೆ, ಉತ್ತರ ಹೇಳಬೇಕಾದವರು ಹಣ ಪಡೆದವರು. ಕಕ್ಷಿದಾರನ ಪರವಾಗಿ ಬಂದ ಹಣವನ್ನು ಕೂಡಲೇ ತಿಳಿಸಬೇಕು, ಅದರ ಲೆಕ್ಕವಿಡಬೇಕು, ಕೇಳಿದಾಗ ಲೆಕ್ಕದ ನಕಲು ಕೊಡಬೇಕು ಎಂದು ಅದೇ ನಿಯಮಗಳು ವಿಧಿಸುತ್ತವೆ. ಇಂಥ ವಿಷಯದಲ್ಲಿ ಸುಪ್ರೀಂ ಕೋರ್ಟು ಎಷ್ಟು ನಿಷ್ಠುರವೆಂದು ತಿಳಿಯಲು 2002ರ ಹರೀಶ್ ಚಂದ್ರ ತಿವಾರಿ ಪ್ರಕರಣವನ್ನು ನೋಡಬೇಕು. ಉತ್ತರ ಪ್ರದೇಶದ ಅನಕ್ಷರಸ್ಥ ಬಡ ಮುದುಕನಿಗೆ ಭೂಸ್ವಾಧೀನದ ಪರಿಹಾರವಾಗಿ ಬಂದಿದ್ದ 8,118 ರೂಪಾಯಿಯನ್ನು ವಕೀಲರು ತಿಳಿಸದೆ ಪಡೆದುಕೊಂಡರು; ದೂರು ಬಂದಾಗ ರಾಜಿಯಾಗಿದೆ ಎಂಬ ಸುಳ್ಳು ಪ್ರಮಾಣಪತ್ರವನ್ನೂ ಒಡ್ಡಿದರು. ಪರಿಷತ್ತು ಮೂರು ವರ್ಷ ಅವರ ಸನದನ್ನು, ಅಂದರೆ ವಕೀಲಿ ನಡೆಸುವ ಪರವಾನಗಿಯನ್ನು, ಅಮಾನತು ಮಾಡಿತ್ತು. ಅದು ಸಾಲದೆಂದು ಸುಪ್ರೀಂ ಕೋರ್ಟು ಅವರ ಹೆಸರನ್ನೇ ವಕೀಲರ ಪಟ್ಟಿಯಿಂದ ತೆಗೆಸಿತು.

ಮೇಷ್ಟ್ರು: ಹಾಗಿದ್ದರೆ ದೂರನ್ನು ಬರೆಯುವ ಕ್ರಮ ಹೇಳಿ. ತಾಲ್ಲೂಕಿನ ವಕೀಲರ ಸಂಘದ ಅಧ್ಯಕ್ಷರಿಗೆ ಕೊಟ್ಟರೆ ಸಾಕೇ?

ಶಿರಸ್ತೇದಾರರು: ಸಾಲದು. ವಕೀಲರ ಸಂಘ ವಕೀಲರು ಕಟ್ಟಿಕೊಂಡ ಸಂಸ್ಥೆ. ಅಧ್ಯಕ್ಷರು ಬುದ್ಧಿ ಹೇಳಬಹುದು, ಸನದು ಮುಟ್ಟಲಾರರು. ಆ ಅಧಿಕಾರವಿರುವುದು ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ. ದೂರು ಅರ್ಜಿಯ ರೂಪದಲ್ಲಿದ್ದು, ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ ಸಹಿ ಮತ್ತು ಸತ್ಯಾಪನೆ, ಅಂದರೆ ಬರೆದದ್ದು ನಿಜವೆಂಬ ಘೋಷಣೆ, ಇರಬೇಕು. ನಿಗದಿತ ಶುಲ್ಕ ಕಟ್ಟಬೇಕು. ಬರೆಯುವ ಮುನ್ನ ಹಮಾಲಿ ಮಾಡಬೇಕಾದ ಒಂದು ಕೆಲಸವಿದೆ: ನ್ಯಾಯಾಲಯದ ನಕಲು ವಿಭಾಗದಲ್ಲಿ ಅರ್ಜಿ ಹಾಕಿ ಆರ್ಡರ್ ಶೀಟಿನ ದೃಢೀಕೃತ ನಕಲು ಪಡೆಯುವುದು. ಪ್ರತಿ ವಾಯಿದೆಯ ದಿನ ಯಾರು ಹಾಜರಿದ್ದರು, ಏನು ನಡೆಯಿತು, ಮುಂದಿನ ದಿನಾಂಕ ಯಾವುದು ಎಂದು ಬರೆದಿಡುವ ಹಾಳೆ ಅದು. ಅರ್ಜಿದಾರರು ಗೈರು, ವಕೀಲರು ಗೈರು, ಸಾಕ್ಷ್ಯಕ್ಕೆ ಕಡೆಯ ಅವಕಾಶ ಎಂದು ಸಾಲುಸಾಲಾಗಿ ಬರೆದಿದ್ದು, ಕೊನೆಯಲ್ಲಿ ವಜಾ ಎಂದಿದ್ದರೆ, ಆ ದಿನಾಂಕಗಳನ್ನು ಒಂದು ಕಡೆ, ವಕೀಲರು ಫೋನಿನಲ್ಲೋ ವಾಟ್ಸಾಪಿನಲ್ಲೋ ಕೇಸು ನಡೆಯುತ್ತಿದೆ ಎಂದ ದಿನಾಂಕಗಳನ್ನು ಇನ್ನೊಂದು ಕಡೆ ಇಟ್ಟು ತೋರಿಸಿದರೆ ಸಾಕು. ಬೈಗುಳದ ಒಂದು ಮಾತೂ ಬೇಕಿಲ್ಲ. ದುರ್ನಡತೆಯ ಆರೋಪಕ್ಕೆ ಗಟ್ಟಿ ಪುರಾವೆ ಬೇಕಾದ್ದರಿಂದ ಕೋಪದ ಹತ್ತು ಪುಟಗಳಿಗಿಂತ ಇಂಥ ಒಂದು ಪುಟಕ್ಕೆ ಬೆಲೆ ಹೆಚ್ಚು.

ಮೇಷ್ಟ್ರು: ಆಮೇಲೆ?

ಶಿರಸ್ತೇದಾರರು: ಮೇಲ್ನೋಟಕ್ಕೆ ದುರ್ನಡತೆ ಇದೆಯೆಂದು ಪರಿಷತ್ತಿಗೆ ಅನಿಸಿದರೆ ಅದು ದೂರನ್ನು ಮೂವರ ಶಿಸ್ತು ಸಮಿತಿಗೆ ಒಪ್ಪಿಸುತ್ತದೆ. ಸಾಕ್ಷಿಗಳನ್ನು ಕರೆಸುವುದರಲ್ಲಿ, ದಾಖಲೆ ತರಿಸುವುದರಲ್ಲಿ ಆ ಸಮಿತಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅದು ದೂರನ್ನು ವಜಾ ಮಾಡಬಹುದು, ವಕೀಲರಿಗೆ ಛೀಮಾರಿ ಹಾಕಬಹುದು, ಸನದನ್ನು ಅಮಾನತಿನಲ್ಲಿಡಬಹುದು, ಹೆಸರನ್ನೇ ಪಟ್ಟಿಯಿಂದ ತೆಗೆಯಬಹುದು. ಆದೇಶ ಒಪ್ಪಿಗೆಯಾಗದಿದ್ದರೆ ಅರವತ್ತು ದಿನದೊಳಗೆ ಭಾರತೀಯ ವಕೀಲರ ಪರಿಷತ್ತಿಗೂ, ಅಲ್ಲಿಂದ ಮತ್ತೆ ಅರವತ್ತು ದಿನದೊಳಗೆ ಸುಪ್ರೀಂ ಕೋರ್ಟಿಗೂ ಮೇಲ್ಮನವಿ ಸಲ್ಲಿಸಬಹುದು.

ಮೇಷ್ಟ್ರು: ವಕೀಲರ ತಪ್ಪನ್ನು ವಕೀಲರೇ ವಿಚಾರಿಸಿದರೆ ನ್ಯಾಯ ಸಿಗುತ್ತದೆಯೇ ಎಂಬ ಶಂಕೆ ಸಹಜವಲ್ಲವೇ?

ಶಿರಸ್ತೇದಾರರು: ಶಂಕೆ ಸಹಜ, ವಿಳಂಬ ಅದನ್ನು ಇನ್ನೂ ಬಲಪಡಿಸಿದೆ. ದೂರನ್ನು ಒಂದು ವರ್ಷದೊಳಗೆ ತೀರ್ಮಾನಿಸಬೇಕು, ಇಲ್ಲವಾದರೆ ಅದು ದೆಹಲಿಯ ಭಾರತೀಯ ಪರಿಷತ್ತಿಗೆ ವರ್ಗವಾಗುತ್ತದೆ ಎಂದು ವಕೀಲರ ಕಾಯ್ದೆಯ 36-ಬಿ ಕಲಮು ಹೇಳುತ್ತದೆ. 2021ರ ಡಿಸೆಂಬರಿನಲ್ಲಿ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿದ್ದ ಮೇಲ್ಮನವಿಯೊಂದರಲ್ಲಿ ನ್ಯಾಯಮೂರ್ತಿಗಳಾದ ಎಂ.ಆರ್. ಷಾ ಮತ್ತು ಬಿ.ವಿ. ನಾಗರತ್ನ ಅವರ ಪೀಠ, ವರ್ಷದೊಳಗೆ ಮುಗಿಸುವುದೇ ನಿಯಮವಾಗಬೇಕು, ಹೀಗೆ ವರ್ಗವಾಗಿ ಬಾಕಿ ಉಳಿದ ದೂರುಗಳನ್ನೂ ಒಂದು ವರ್ಷದಲ್ಲಿ ಮುಗಿಸಬೇಕು ಎಂದು ಸೂಚಿಸಿತು. ದೆಹಲಿಗೆ ವರ್ಗವಾದ ದೂರಿನ ಬೆನ್ನು ಹತ್ತಲು ಊರುಗೋಲು ಹಿಡಿದವನಿಗೆ ಆಗುವುದಿಲ್ಲ. ಆದ್ದರಿಂದ ಮೊದಲ ವರ್ಷದಲ್ಲೇ ಬೆಂಗಳೂರಿನಲ್ಲಿ ವಿಚಾರಣೆ ಮುಗಿಯದಿದ್ದರೆ ಕಾಯ್ದೆ ಕೊಟ್ಟ ಹಕ್ಕನ್ನು ವಿಳಂಬವೇ ಕಿತ್ತುಕೊಂಡಂತಾಗುತ್ತದೆ. ಇದಕ್ಕೆ ಹೊಣೆ ಪರಿಷತ್ತಿನದು.

ಮೇಷ್ಟ್ರು: ಇನ್ನೊಂದು ಅಡ್ಡಿ ಊರಿನದು. ದೂರು ಹೋದ ಸುದ್ದಿ ತಿಳಿಯುತ್ತಲೇ ಹಿರಿಯರು ಸೇರಿ, ಹತ್ತಿಪ್ಪತ್ತು ಸಾವಿರ ಕೊಡಿಸುತ್ತೇವೆ, ವಾಪಸು ತಗೋ ಎನ್ನುತ್ತಾರೆ. ದೂರು ಕೊಟ್ಟವನ ಕೇಸನ್ನು ಮುಂದೆ ಯಾರು ಹಿಡಿಯುತ್ತಾರೆ ಎಂಬ ಅಂಜಿಕೆಯೂ ಇದೆ.

ಶಿರಸ್ತೇದಾರರು: ದೂರುದಾರ ಹಿಂದೆಗೆದ, ರಾಜಿಯಾಯಿತು ಎಂಬ ಒಂದೇ ಕಾರಣಕ್ಕೆ ಶಿಸ್ತಿನ ವಿಚಾರಣೆಯನ್ನು ಕೈಬಿಡುವಂತಿಲ್ಲ ಎಂದು ಪರಿಷತ್ತಿನ ನಿಯಮವೇ ಇದೆ, ಹಿರಿಯರಿಗೆ ಇದನ್ನು ಮೊದಲೇ ತಿಳಿಸಿದರೆ ಒತ್ತಡ ಅರ್ಧ ಇಳಿಯುತ್ತದೆ. ಕೇಸು ಹಿಡಿಯುವವರ ಪ್ರಶ್ನೆಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಮು ಉತ್ತರ: ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಉಚಿತ ವಕೀಲರ ನೆರವು ಹಕ್ಕಾಗಿಯೇ ಸಿಗುತ್ತದೆ. ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಬಹುದು; ಊರಿನ ವಕೀಲರ ಬಗ್ಗೆ ಅಳುಕಿದ್ದರೆ ಮೈಸೂರಿನ ಜಿಲ್ಲಾ ಪ್ರಾಧಿಕಾರವನ್ನು ಕೇಳಬಹುದು; 15100 ಎಂಬ ಸಹಾಯವಾಣಿಯಿದೆ. ಇನ್ನೊಂದು ಮಾತನ್ನೂ ಸೇರಿಸಬೇಕು, ಮೇಷ್ಟ್ರೇ. ಬಡವರ ಕೇಸನ್ನು ಶ್ರದ್ಧೆಯಿಂದ ನಡೆಸಿ, ವೈದ್ಯರನ್ನು ಕಾದು ಕರೆತಂದು, ಪೂರ್ತಿ ಹಣ ಕಕ್ಷಿದಾರನ ಖಾತೆಗೆ ಸೇರುವಂತೆ ನೋಡಿಕೊಳ್ಳುವ ವಕೀಲರು ಎರಡೂ ಊರುಗಳಲ್ಲಿದ್ದಾರೆ. ತಪ್ಪಿತಸ್ಥರ ಮೇಲೆ ದೂರು ಹೋಗದಿದ್ದರೆ ಕೆಡುವುದು ಅವರ ಹೆಸರೂ ಹೌದು.

ಮೇಷ್ಟ್ರು: ಕೊನೆಯದಾಗಿ, ದೂರನ್ನು ಇಂಗ್ಲಿಷಿನಲ್ಲಿ ಬರೆಸಲು ಮತ್ತೊಬ್ಬ ವಕೀಲರನ್ನು ಹಿಡಿಯಬೇಕಾಗುತ್ತದಲ್ಲ?

ಶಿರಸ್ತೇದಾರರು: ಬೇಕಾಗಿಲ್ಲ. ರಾಜ್ಯಭಾಷೆಯಲ್ಲಿ ದೂರು ಕೊಡಬಹುದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಪ್ರಕರಣ ದೆಹಲಿಗೆ ಹೋಗಬೇಕಾಗಿ ಬಂದರೆ ಅದನ್ನು ಇಂಗ್ಲಿಷಿಗೆ ಅನುವಾದಿಸುವ ಹೊಣೆ ರಾಜ್ಯ ಪರಿಷತ್ತಿನದು. ದೂರಿಗೆ ಬೇರೆ ವಕೀಲರ ಸಹಿ ಬೇಡ, ಹಳೆಯ ವಕೀಲರ ಒಪ್ಪಿಗೆಯೂ ಬೇಡ. ತಿ.ನರಸೀಪುರದ ಹಮಾಲಿ ಕನ್ನಡದಲ್ಲಿ ಬರೆಸಿ, ಓದಿಸಿ ಕೇಳಿ, ಸಹಿ ಬಾರದಿದ್ದರೆ ಹೆಬ್ಬೆಟ್ಟು ಒತ್ತಿ ಕಳಿಸಿದ ಅರ್ಜಿಯನ್ನು ಪರಿಷತ್ತು ತೆಗೆದುಕೊಳ್ಳಲೇಬೇಕು.